ಪುಸ್ತಕದ ಮೂರು ತಾಸು, ನಮ್ಮ ಮುಕ್ಕಾಲು ತಾಸು: ರಾತ್ರಿಯೂಟಕ್ಕೆ ಪಾಸ್ತಾ

ಪ್ರಶ್ನೆ: ಪುಸ್ತಕದಲ್ಲಿ ಟಮಾಟಿ ಪಾಸ್ತಾಕ್ಕೆ ಡಬ್ಬಿಯ ಸ್ಯಾನ್ ಮಾರ್ಜಾನೊ ಟಮಾಟಿ, ಆಲಿವ್ ಎಣ್ಣೆ, ಸಣ್ಣ ಉರಿಯಲ್ಲಿ 45 ನಿಮಿಷ ಎಂದಿದೆ. ನಾನು ಮನೆ ಮುಟ್ಟುವುದೇ ಏಳು ಗಂಟೆಗೆ. ಸಂತೆಯ ಟಮಾಟಿ ಮಿಕ್ಸಿಗೆ ಹಾಕಿ ಮಾಡಿದರೆ ಸಾಸ್ ನೀರಾಗಿ, ಹುಳಿಯಾಗಿ, ಪಾಸ್ತಾದಿಂದ ಜಾರಿ ತಟ್ಟೆಯ ತಳ ಸೇರುತ್ತದೆ. ನಾಲ್ವರಿಗೆ ಬೇಗ ಆಗುವ ದಾರಿ ತಿಳಿಸಿ.
– ಓದುಗರು, ಕಲಬುರಗಿ

ಉತ್ತರ: ಆ 45 ನಿಮಿಷದ ಬಹುಪಾಲು ನೀರು ಇಂಗುವುದಕ್ಕೇ ಹೋಗುತ್ತದೆ. ಸ್ಯಾನ್ ಮಾರ್ಜಾನೊ ಉದ್ದನೆಯ ತಳಿ. ತಿರುಳು ಹೆಚ್ಚು, ಬೀಜ ಕಡಿಮೆ. ನಮ್ಮ ದುಂಡು ಟಮಾಟಿಯಲ್ಲಿ ರಸವೇ ಜಾಸ್ತಿ. ಹಾಗೆಂದು ರಸ ಚೆಲ್ಲಬೇಡಿ, ರುಚಿ ಇರುವುದು ಅದರಲ್ಲೇ. ಬದಲಿಸಬೇಕಾದದ್ದು ಪಾತ್ರೆ. ಒಂದಡಿ ಅಗಲದ ಕಡಾಯಿ ತೆಗೆದುಕೊಳ್ಳಿ, ಉರಿ ದೊಡ್ಡದಿರಲಿ. 12ರಿಂದ 15 ನಿಮಿಷದಲ್ಲಿ ನೀರು ಇಂಗುತ್ತದೆ.

ಚೆನ್ನಾಗಿ ಹಣ್ಣಾದ 1 ಕಿಲೋ ಟಮಾಟಿಯನ್ನು ಅರ್ಧ ಕತ್ತರಿಸಿ, ಕೊಯ್ದ ಮಗ್ಗುಲನ್ನು ತುರಿಯುವ ಮಣೆಗೆ ಉಜ್ಜಿ. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ನೊರೆಯೇಳುತ್ತದೆ, ಬಣ್ಣ ಪೇಲವವಾಗುತ್ತದೆ. ಎಣ್ಣೆ 4 ದೊಡ್ಡ ಚಮಚ. ಆಲಿವ್ ಇಲ್ಲದಿದ್ದರೆ ಕುಸುಬಿ ಎಣ್ಣೆ ಧಾರಾಳವಾಗಿ ಒಪ್ಪುತ್ತದೆ. ತೆಳ್ಳಗೆ ಹೆಚ್ಚಿದ 6 ಎಸಳು ಬಳ್ಳೊಳ್ಳಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ತನ್ನಿ. ಅದು ಕಂದಿದರೆ ಇಡೀ ಸಾಸ್ ಕಹಿಯಾಗುತ್ತದೆ, ಆಮೇಲೆ ಏನು ಹಾಕಿದರೂ ಸರಿಹೋಗದು. ಟಮಾಟಿ, ಅರ್ಧ ಚಮಚ ಸಕ್ಕರೆ, ತುಸು ಉಪ್ಪು ಹಾಕಿ ಉರಿ ಏರಿಸಿ. ಸೌಟಿನಿಂದ ಗೆರೆ ಎಳೆದಾಗ ಕ್ಷಣಹೊತ್ತು ಕಡಾಯಿಯ ತಳ ಕಂಡರೆ ಹದ ಬಂದಿದೆ.

ಸಾಸ್ ಕುದಿಯುವಾಗಲೇ ಇನ್ನೊಂದು ಒಲೆಯಲ್ಲಿ 3 ಲೀಟರ್ ನೀರಿಗೆ 4 ಸಮ ಚಹಾ ಚಮಚ ಉಪ್ಪು ಹಾಕಿ 320 ಗ್ರಾಂ ಪಾಸ್ತಾ ಬೇಯಿಸಿ. ಪೊಟ್ಟಣ 10 ನಿಮಿಷ ಎಂದರೆ 8ಕ್ಕೇ ಬಸಿಯಿರಿ. ಬಸಿಯುವ ಮುಂಚೆ ಆ ಗಂಜಿ ನೀರು ಎರಡು ಲೋಟ ತೆಗೆದಿಡಿ. ಸಾಸ್ ಜಾರುವುದಕ್ಕೆ ಮದ್ದು ಅದೇ. ಪಾಸ್ತಾ ಮತ್ತು ಅರ್ಧ ಲೋಟ ಗಂಜಿಯನ್ನು ಕಡಾಯಿಗೆ ಹಾಕಿ 2 ನಿಮಿಷ ಜೋರಾಗಿ ಕೈಯಾಡಿಸಿ. ಗಂಜಿ ಎಣ್ಣೆಯನ್ನೂ ರಸವನ್ನೂ ಕೂಡಿಸಿ ಪಾಸ್ತಾಕ್ಕೆ ಅಂಟಿಸುತ್ತದೆ. ಗಟ್ಟಿಯಾದರೆ ಇನ್ನಷ್ಟು ಸುರಿಯಿರಿ. ಶಾವಿಗೆಗೆ ಮಾಡುವಂತೆ ತಣ್ಣೀರು ಹೊಯ್ದರೆ ಈ ಅಂಟೆಲ್ಲ ತೊಳೆದುಹೋಗುತ್ತದೆ.

ಪ್ರಶ್ನೆ: ಪಾಸ್ತಾಕ್ಕೆ ಹಾಕುವ ಮಾಂಸದ ಗಟ್ಟಿ ಸಾಸ್, ಅಂದರೆ ರಾಗು, ಮೂರು ತಾಸು ಬೇಯಬೇಕಂತೆ. ಕುಕ್ಕರಿನಲ್ಲಿ ಆಗುವುದೆ?
– ಓದುಗರು, ಬೀದರ್

ಉತ್ತರ: ಆಗುತ್ತದೆ, ಆದರೆ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಬೇಡಿ. ಮುಚ್ಚಿದ ಕುಕ್ಕರಿನಲ್ಲಿ ನೀರು ಇಂಗುವುದಿಲ್ಲ, ಮಾಂಸ ಕೆಂಪಗಾಗುವುದೂ ಇಲ್ಲ. ಮೂರು ತಾಸಿನ ರುಚಿ ಬರುವುದು ಈ ಎರಡರಿಂದ. ಆದ್ದರಿಂದ ಮೊದಲಿಗೆ ತೆರೆದ ಕುಕ್ಕರಿನಲ್ಲಿ 250 ಗ್ರಾಂ ಮಟನ್ ಖೀಮಾವನ್ನು 2 ದೊಡ್ಡ ಚಮಚ ಎಣ್ಣೆಯಲ್ಲಿ ಹುರಿಯಿರಿ. ಮೊದಲು ನೀರು ಬಿಡುತ್ತದೆ, ಆಗ ಅವಸರ ಬೇಡ. ನೀರು ಆರಿ ಚಟಪಟ ಸದ್ದು ಬಂದು ತಳ ಕಂದು ಹಿಡಿಯುವವರೆಗೆ ಸುಮಾರು 10 ನಿಮಿಷ ಬೇಕು. ಆಮೇಲೆ ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಒಂದು ಗಜ್ಜರಿ. ಸೆಲರಿ ಸಿಗದಿದ್ದರೆ ಬಿಡಿ. ಗಜ್ಜರಿ ಮಾತ್ರ ಬಿಡಬೇಡಿ, ಟಮಾಟಿಯ ಹುಳಿ ತಗ್ಗಿಸುವ ಸಿಹಿ ಅದರದ್ದು. 250 ಗ್ರಾಂ ತುರಿದ ಟಮಾಟಿ, ಒಂದು ಲೋಟ ನೀರು, ಉಪ್ಪು ಹಾಕಿ, ತಳಕ್ಕೆ ಹತ್ತಿದ ಕಂದನ್ನು ಕೆರೆದು ಬೆರೆಸಿ ಮುಚ್ಚಿ. ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು 6–8 ನಿಮಿಷ ಕುದಿಸಿ ನೀರು ಇಂಗಿಸಿ.

ಮುಕ್ಕಾಲು ತಾಸಿನ ಈ ಕೆಲಸವನ್ನು ಭಾನುವಾರವೇ ದುಪ್ಪಟ್ಟು ಅಳತೆಯಲ್ಲಿ ಮಾಡಿಟ್ಟರೆ ಬುಧವಾರದವರೆಗೆ ಫ್ರಿಜ್ಜಿನಲ್ಲಿರುತ್ತದೆ. ನಮ್ಮ ಬೇಸಿಗೆಯಲ್ಲಿ ಮಾಂಸದ ಸಾಸ್ ಒಂದು ತಾಸಿಗಿಂತ ಹೆಚ್ಚು ಹೊರಗಿರಬಾರದು. ಅಗಲ ತಟ್ಟೆಗೆ ಹರಡಿದರೆ ಬೇಗ ಆರುತ್ತದೆ.

ಪ್ರಶ್ನೆ: ವೈಟ್ ಸಾಸ್ ಒಲೆಯ ಮೇಲೆ ಚೆನ್ನಾಗಿರುತ್ತದೆ, ಬಡಿಸುವಷ್ಟರಲ್ಲಿ ಗಚ್ಚಿನಂತೆ ಗಟ್ಟಿಯಾಗುತ್ತದೆ. ಪಾಲಕ್ ಬದಲು ಪುಂಡಿ ಸೊಪ್ಪು ಹಾಕಬಹುದೆ?
– ಓದುಗರು, ಯಾದಗಿರಿ

ಉತ್ತರ: ಆರುತ್ತಾ ಮೈದಾ ಬಿಗಿಯುತ್ತದೆ, ಪಾಸ್ತಾ ಕೂಡ ಹಾಲು ಹೀರುತ್ತದೆ. ಅರ್ಧ ಲೀಟರ್ ಹಾಲಿಗೆ ಒಂದೂವರೆ ದೊಡ್ಡ ಚಮಚ ಮೈದಾ, ಅಷ್ಟೇ ಬೆಣ್ಣೆ ಸಾಕು. ಸೌಟಿನ ಬೆನ್ನಿಗೆ ತೆಳುವಾಗಿ ಅಂಟುವಾಗಲೇ ಇಳಿಸಿ. ಚೀಸ್ ಹಾಕುವುದು ಇಳಿಸಿದ ಮೇಲೆ. ಕುದಿಯಲ್ಲಿ ಹಾಕಿದರೆ ಬಿಗಿದು ಜಿಡ್ಡು ಬಿಡುತ್ತದೆ.

ಪುಂಡಿ ಬೇಡ, ಅದರ ಹುಳಿಗೆ ಹಾಲು ಒಡೆಯುತ್ತದೆ. ಅದನ್ನು ಬಳ್ಳೊಳ್ಳಿ, ಒಣಮೆಣಸಿನಕಾಯಿಯ ಜೊತೆ ಎಣ್ಣೆಯಲ್ಲಿ ಬಾಡಿಸಿ, ಗಂಜಿ ನೀರಿನೊಂದಿಗೆ ಪಾಸ್ತಾಕ್ಕೆ ಕಲಸಿ, ಮೇಲೆ ಶೇಂಗಾ ಹಿಂಡಿ ಉದುರಿಸಿ. ನಾಲ್ವರಿಗೆ ಎರಡು ಹಿಡಿ ಸೊಪ್ಪು ಸಾಕು, ಅದಕ್ಕಿಂತ ಹೆಚ್ಚಾದರೆ ಬರೀ ಹುಳಿಯಾಗುತ್ತದೆ.