ಗೆಲ್ಲದ ಸಣ್ಣ ಟೀಮ್‌ಗಳು ಫಾರ್ಮುಲಾ ಒನ್ ಕಾರ್ ರೇಸ್‌ಗೆ ಯಾಕೆ ಬೇಕು?

ಡ್ರೈವರ್ ಹುಡುಗ್ರು ತಯಾರಾಗೋದೇ ಅಲ್ಲಿ, ಅದಕ್ಕೇ ಬೇಕು. ನಮ್ಮ ಸಿರ್ಸಿ ಕಡೆ ಸಣ್ಣ ಯಕ್ಷಗಾನ ಮೇಳದಲ್ಲಿ ಗೆಜ್ಜೆ ಕಟ್ಟಿದವ್ರೇ ಆಮೇಲೆ ದೊಡ್ಡ ಮೇಳಕ್ಕೆ ಹೋಗ್ತಾರಲ್ಲ, ಹಂಗೇ. ಆಮೇಲೆ ಚಾಂಪಿಯನ್ ಆದ ಅಲೊನ್ಸೊ 2001ರಲ್ಲಿ ಶುರು ಮಾಡಿದ್ದು ಇಟಲಿಯ ಮಿನಾರ್ಡಿ ಅನ್ನೋ ಸಣ್ಣ ಟೀಮ್‌ನಲ್ಲಿ, ಇನ್ನೊಬ್ಬ ಚಾಂಪಿಯನ್ ಶೂಮಾಕರ್‌ನ ಮೊದ್ಲ ರೇಸ್ 1991ರಲ್ಲಿ ಜೋರ್ಡಾನ್ ಅನ್ನೋ ಟೀಮ್‌ನ ಕಾರಲ್ಲಿ, ನಮ್ಮ ನಾರಾಯಣ್ ಕಾರ್ತಿಕೇಯನ್‌ಗೂ 2005ರಲ್ಲಿ ಚಾನ್ಸ್ ಕೊಟ್ಟಿದ್ದು ಅದೇ ಜೋರ್ಡಾನ್. ಮಿನಾರ್ಡಿನ ರೆಡ್ ಬುಲ್‌ನವ್ರು ಕೊಂಡು ಟೊರೊ ರೊಸ್ಸೊ ಅಂತ ಹೆಸ್ರಿಟ್ರು, 2008ರಲ್ಲಿ ಇಟಲಿಯ ಮೊಂಜಾ ರೇಸಲ್ಲಿ ವೆಟ್ಟೆಲ್ ಅನ್ನೋ ಹುಡುಗ ಆ ಟೀಮ್‌ಗೆ ಗೆದ್ದೇ ಬಿಟ್ಟ! ಅಂದ್ರೆ ಗೆಲ್ಲೋದೇ ಇಲ್ಲ ಅಂತೇನಿಲ್ಲ.

ಉಳಿಯೋದು ಮಾತ್ರ ಭಾರಿ ಕಷ್ಟ ಮಾರಾಯ್ರೆ. 2016ರಲ್ಲಿ ಮ್ಯಾನರ್ ಟೀಮ್ ಟೀಮ್‌ಗಳ ಪಟ್ಟಿಯಲ್ಲಿ ಹತ್ತನೇ ಜಾಗದಲ್ಲಿತ್ತು, ಇದ್ದಿದ್ದು ಒಂದೇ ಪಾಯಿಂಟ್, ಬ್ರೆಜಿಲ್‌ನಲ್ಲಿ ಜೋರು ಮಳೆ, ಸೌಬರ್ ಟೀಮ್‌ನ ಡ್ರೈವರ್ ನಾಸರ್ ಒಂಬತ್ತನೇ ಬಂದು 2 ಪಾಯಿಂಟ್ ಹೊಡ್ದ, ಮ್ಯಾನರ್‌ನವ್ರು ಹನ್ನೊಂದಕ್ಕೆ ಜಾರಿ, ಹತ್ತರೊಳಗಿನವ್ರಿಗೆ ಸಿಗೋ ದೊಡ್ಡ ಬಹುಮಾನದ ದುಡ್ಡು ಕೈತಪ್ಪಿ, ಮರುವರ್ಷ ಜನವರಿಯಲ್ಲೇ ಬಾಗಿಲು ಹಾಕಿದ್ರು. ಒಂದು ಮಳೆಗೆ ಇಡೀ ಟೀಮ್ ಹೋಯ್ತು!

2021ರಿಂದ ಒಂದೊಂದು ಟೀಮ್ ವರ್ಷಕ್ಕೆ ಮಾಡೋ ಖರ್ಚಿಗೆ ಮಿತಿ ಬಂತು, ಮೊದ್ಲ ವರ್ಷ 14.5 ಕೋಟಿ ಡಾಲರ್. ನನ್ ಪ್ರಕಾರ ಇದು ಎಷ್ಟೋ ಮೊದ್ಲೇ ಬರ್ಬೇಕಿತ್ತು. ಡ್ರೈವರ್ ಸಂಬಳ ಮಾತ್ರ ಅದ್ರಲ್ಲಿ ಸೇರಲ್ಲ, ಹಾಗಾಗಿ ಒಳ್ಳೇ ಹುಡುಗ್ರನ್ನ ದೊಡ್ಡವ್ರು ಈಗ್ಲೂ ಎಳ್ಕೊಂಡು ಹೋಗ್ತಾರೆ.