ಅಂತರಾನೋ, ಛಾಯಾನೋ, ವಂಕಿನೋ?

ಪ್ರಶ್ನೆ: ಕೂಸಿಗೆ ಐದೂವರೆ ತಿಂಗಳು. ನನಗಿನ್ನೂ ಮುಟ್ಟು ಬಂದಿಲ್ಲ. ಹಾಲು ಕುಡಿಸೋತನಕ ಬಸಿರು ನಿಲ್ಲೂದಿಲ್ಲ ಅಂತಾರ ಅತ್ತಿ. ಆಶಾ ಅಕ್ಕಾರು ಅಂತರಾ ಇಂಜೆಕ್ಷನ್ ಇಲ್ಲಾ ಛಾಯಾ ಗುಳಗಿ ತಗೋ ಅಂತಾರ. ಎದಿಹಾಲು ಕಡಿಮಿ ಆಗೂದಿಲ್ಲಾ? ಇನ್ನೊಂದು ಕೂಸು ಮೂರು ವರ್ಷ ಬಿಟ್ಟು ಬೇಕು.
– ಓದುಗರು, ರೋಣ

ಉತ್ತರ: ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲೊಂದನ್ನೇ ಕುಡಿಯುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗುವುದರಿಂದ, ಒಮ್ಮೆಯೂ ಮುಟ್ಟಾಗದೆ ಬಸಿರಾದವರು ಬೇಕಾದಷ್ಟು ಜನ. ನಿಮ್ಮ ಕೈಯಲ್ಲಿರುವುದು ಇನ್ನು ಹದಿನೈದು ದಿನ.

ಅಂತರಾ, ಛಾಯಾ ಎರಡರಿಂದಲೂ ಹಾಲು ಕಡಿಮೆಯಾಗುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಹಾಲುಣಿಸುವವರಿಗೆ ಬೇಡವೆನ್ನುವುದು ದಿನವೂ ನುಂಗುವ ಹಾರ್ಮೋನ್ ಗುಳಿಗೆ ಮಾಲಾ-ಎನ್.

ಛಾಯಾದಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ರವಿವಾರ ಶುರುಮಾಡಿದರೆ ಎರಡನೆಯದು ಬುಧವಾರ. ನಾಲ್ಕನೇ ತಿಂಗಳಿಂದ ರವಿವಾರ ಮಾತ್ರ. ಜನ ಎಡವುವುದು ಇಲ್ಲಿಯೇ: ಮೊದಲ ತಿಂಗಳಲ್ಲೇ ವಾರಕ್ಕೊಂದಕ್ಕೆ ಇಳಿಸುತ್ತಾರೆ, ಇಲ್ಲವೇ ಊರಿಗೆ ಹೋದಾಗ ಮರೆಯುತ್ತಾರೆ. ಒಂದೆರಡು ದಿನ ತಪ್ಪಿದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. ಏಳು ದಿನ ದಾಟಿದರೆ ಮೊದಲಿನಿಂದ, ಅಂದರೆ ಮತ್ತೆ ವಾರಕ್ಕೆರಡರಿಂದಲೇ ಶುರು. ಮುಟ್ಟಿನ ನಡುವಿನ ಅಂತರ ಹೆಚ್ಚಬಹುದು. ಹದಿನೈದು ದಿನ ಮೀರಿ ತಡವಾದರೆ ನಿಶ್ಚಯ್ ಕಿಟ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಅಂಡಾಶಯದ ಗುಳ್ಳೆ ಅಥವಾ ಯಕೃತ್ತಿನ ಕಾಯಿಲೆ ಇದ್ದವರಿಗೆ ಛಾಯಾ ಬೇಡ.

ಮೂರು ವರ್ಷದ ಅಂತರ ಬೇಕೆನ್ನುವವರಿಗೆ ನಾವು ಮೊದಲು ಹೇಳುವುದು ವಂಕಿ, ಅಂದರೆ ಕಾಪರ್-ಟಿ. ಅದರಲ್ಲಿ ಎರಡು ಬಗೆ: 375 ಎಂಬುದು ಐದು ವರ್ಷಕ್ಕೆ, 380ಎ ಹತ್ತು ವರ್ಷಕ್ಕೆ. ಬೇಕೆಂದಾಗ ನಡುವೆಯೇ ತೆಗೆಸಬಹುದು, ತೆಗೆಸಿದ ಕೂಡಲೇ ಬಸಿರಾಗಲು ಅಡ್ಡಿಯಿಲ್ಲ. ಮೊದಲ ಕೆಲವು ತಿಂಗಳು ಸ್ರಾವ, ಹೊಟ್ಟೆನೋವು ಹೆಚ್ಚು. ಆದ್ದರಿಂದ ರಕ್ತ ತೀರಾ ಕಡಿಮೆ ಇದ್ದರೆ ಹಾಕಿಸುವ ಮುಂಚೆಯೇ ಹೇಳಿ. ಯಾವುದನ್ನು ಆರಿಸಿಕೊಂಡರೂ, ಬಸಿರಿಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು.

ಪ್ರಶ್ನೆ: ಅಂತರಾ ಎರಡು ಸಲ ಹಾಕಿಸಿಕೊಂಡೆ, ಮುಟ್ಟು ನಿಂತೇಬಿಟ್ಟಿದೆ. ಕೆಟ್ಟ ರಕ್ತ ಒಳಗೇ ಉಳಿದು ಗಡ್ಡೆಯಾಗುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರು, ಬ್ಯಾಡಗಿ

ಉತ್ತರ: ಇಲ್ಲ. ಇಂಜೆಕ್ಷನ್ ಇರುವಾಗ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ; ಬೆಳೆಯದ್ದು ಉದುರುವುದೆಲ್ಲಿಂದ? ಒಳಗೆ ಉಳಿಯುವ ರಕ್ತವೇ ಇಲ್ಲ. ಈ ಮಾತನ್ನು ಮೊದಲ ಡೋಸ್ ಕೊಡುವ ದಿನವೇ ಹೇಳದಿರುವುದರಿಂದ ಎಷ್ಟೋ ಜನ ಎರಡನೆಯದಕ್ಕೆ ಬರುವುದೇ ಇಲ್ಲ. ಆದರೆ ಸ್ರಾವ ಎಂಟು ದಿನ ಮೀರಿದರೆ, ಇಲ್ಲವೇ ಮೊದಲಿಗಿಂತ ಎರಡು ಪಟ್ಟಾದರೆ ವೈದ್ಯರಿಗೆ ತೋರಿಸಿ.

ಡೋಸ್ ಮೂರು ತಿಂಗಳಿಗೊಂದು. ತಡವಾದರೂ ನಾಲ್ಕು ವಾರದೊಳಗೆ ಹಾಕಿಸಬಹುದು. ಚುಚ್ಚಿದ ಜಾಗ ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಹಾಗೆ ಮಾಡಿದರೆ ಔಷಧ ಬೇಗ ಹೀರಿ ಮುಗಿಯುತ್ತದೆ. ಮುಂದಿನ ತಾರೀಖು ಬರೆದ ಕಾರ್ಡ್ ಜೋಪಾನ. ನಿಲ್ಲಿಸಿದ ಮೇಲೆ ಬಸಿರಾಗಲು ಕೊನೆಯ ಡೋಸ್‌ನಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ, ಅದು ಬಂಜೆತನವಲ್ಲ.

ಪ್ರಶ್ನೆ: ಎರಡು ಮಕ್ಕಳು ಸಾಕು. ನನ್ನ ಆಪರೇಷನ್‌ಗೆ ಗಂಡನ ಸಹಿ ಬೇಕೇ? ಅವರೇ ಮಾಡಿಸಿಕೊಂಡರೆ?
– ಓದುಗರು, ಹುಬ್ಬಳ್ಳಿ

ಉತ್ತರ: ಸರ್ಕಾರದ ನಿಯಮದಲ್ಲಿ ಗಂಡನ ಒಪ್ಪಿಗೆ ಕಡ್ಡಾಯವಲ್ಲ, ನಿಮ್ಮ ಸಹಿ ಸಾಕು. ಕೌಂಟರಿನಲ್ಲಿ ಬೇಕೆಂದರೆ ವೈದ್ಯಾಧಿಕಾರಿಯನ್ನೇ ಕೇಳಿ. ಗಂಡನೇ ಮಾಡಿಸಿಕೊಂಡರೆ ಇನ್ನೂ ಸಲೀಸು: ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಆದರೆ ವೀರ್ಯನಾಳ ಕತ್ತರಿಸಿದ ಜಾಗದಿಂದ ಮುಂದೆ ವೀರ್ಯಾಣು ಇನ್ನೂ ಉಳಿದಿರುತ್ತವೆ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ಮೇಲೆಯೇ ಬಿಡಿ.