ಕಾಲೇಜಿನಲ್ಲಿ ಸಾಮಾಜಿಕ ವಿಷಯಗಳ ಚರ್ಚೆ ನಡೆಸಿದರೆ ವಿದ್ಯಾರ್ಥಿಗಳಿಗೆ ನಿಜಕ್ಕೂ ಏನು ಸಿಗುತ್ತದೆ?

ಸಾಮಾನ್ಯ ಜ್ಞಾನ ಹೆಚ್ಚುತ್ತದೆ, ಸಭಾಕಂಪನ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಅಷ್ಟಕ್ಕೆ ಪತ್ರಿಕೆ ಓದಿ ಭಾಷಣ ಸ್ಪರ್ಧೆಗೆ ಹೋದರೂ ಸಾಕು. ನನ್ನ ಪ್ರಕಾರ ಚರ್ಚೆಯ ಅಸಲಿ ಲಾಭವೇ ಬೇರೆ: ಗೊತ್ತಿದೆ ಅಂದುಕೊಂಡದ್ದು ಎಷ್ಟು ಗೊತ್ತಿಲ್ಲ ಅನ್ನುವುದು ಬಾಯಿ ಬಿಟ್ಟಾಗ ತಿಳಿಯುತ್ತದೆ.

‘16 ವರ್ಷದೊಳಗಿನವರಿಗೆ ಸೋಶಿಯಲ್ ಮೀಡಿಯಾ ಬೇಡ’ ಎಂಬ ವಿಷಯ ತೆಗೆದುಕೊಳ್ಳಿ. ‘ಯಾಕೆ ಬೇಡ?’ ಅಂದರೆ ಐದು ಕಾರಣ ಪಟಪಟ ಬರುತ್ತವೆ. ‘ಹೇಗೆ ತಡೀತೀರಿ? ವಯಸ್ಸು ನೋಡೋರು ಯಾರು? ಕೊಟ್ಟ ದಾಖಲೆ ಯಾರ ಹತ್ತಿರ ಇರುತ್ತೆ? ಹುಡುಗ ಅಮ್ಮನ ಫೋನ್ ಹಿಡಿದರೆ?’ ಅಂತ ಕೇಳಿ, ದನಿ ತಗ್ಗುತ್ತದೆ. ರೋಜೆನ್‌ಬ್ಲಿಟ್ ಮತ್ತು ಕೀಲ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನೇ ವಸ್ತುಗಳ ಮೇಲೆ ತೋರಿಸಿದರು. ಜಿಪ್‌ನಂಥದ್ದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಲು ಹೊರಟವರು ತಮ್ಮ ತಿಳಿವಳಿಕೆಗೆ ತಾವೇ ಕೊಟ್ಟುಕೊಂಡ ಅಂಕ ಇಳಿಸಿದರು. ಜಿಪ್ಪಿನ ಕಥೆಯೇ ಹೀಗಾದರೆ ಕಾನೂನಿನದ್ದು ಕೇಳಬೇಕೆ! ಅಭಿಪ್ರಾಯವೇ ಬದಲಾಗುತ್ತದೆಂದು ಮಾತ್ರ ಕಾಯಬೇಡಿ. ‘ಹೇಗೆ’ ಎಂದು ವಿವರಿಸಿದರೆ ನಿಲುವು ಮೆದುವಾಗುತ್ತದೆ ಎಂದು 2013ರ ಒಂದು ಪ್ರಯೋಗ ಹೇಳಿತ್ತು, ಮತ್ತೆ ಮಾಡಿ ನೋಡಿದವರಿಗೆ ಹಾಗೆ ಕಾಣಲಿಲ್ಲ.

ನಡೆಸುವ ಕ್ರಮ ಹೀಗಿರಲಿ. ಒಂದು ಗುಂಪಿಗೆ 8ರಿಂದ 10 ಜನ, ವೃತ್ತಾಕಾರ, 50 ನಿಮಿಷ. ಮೊದಲ 5 ನಿಮಿಷ ಯಾರೂ ಮಾತಾಡದೆ ತಮ್ಮ ನಿಲುವನ್ನು ಚೀಟಿಯಲ್ಲಿ ಬರೆಯಬೇಕು. ಇದನ್ನು ಬಿಟ್ಟರೆ ಮೊದಲು ಮಾತಾಡಿದವನ ಹಿಂದೆ ಉಳಿದವರು ಸಾಲುಗಟ್ಟುತ್ತಾರೆ. ಆ್ಯಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ಯಾವ ಗೆರೆ ಸಮ ಉದ್ದ ಎಂಬ ಸುಲಭ ಪ್ರಶ್ನೆಗೆ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಹೇಳಿದಾಗ ಎಷ್ಟೋ ಜನ ಅವರಿಗೇ ಬಾಗಿದರು; ಆದರೆ ಜೊತೆಗೆ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಗುಂಪಿಗೆ ಬಾಗುವುದು ಬಹಳ ಕಡಿಮೆಯಾಯಿತು. ಚೀಟಿ ಇದ್ದರೆ ಆ ಒಬ್ಬ ಬೇಗ ಸಿಗುತ್ತಾನೆ. ಆಮೇಲೆ 10 ನಿಮಿಷ ಒಂದು ಪುಟದ ಮಾಹಿತಿ ಓದು, 25 ನಿಮಿಷ ‘ಹೇಗೆ’ ಪ್ರಶ್ನೆಗಳು. ಕೊನೆಯ 10 ನಿಮಿಷ ಎದುರು ವಾದವನ್ನು ತಮ್ಮ ಮಾತಲ್ಲಿ ಹೇಳಬೇಕು, ಎದುರಿನವರು ‘ಹೌದು, ನಾನು ಹೇಳಿದ್ದು ಇದೇ’ ಅನ್ನುವವರೆಗೆ. ಅತಿ ಕಷ್ಟದ್ದು ಇದೇ. ಕೇಳಿಸಿಕೊಳ್ಳುವುದು ಕಲಿಯುವುದೂ ಇಲ್ಲೇ.

ಕೆಡುವುದು ಎಲ್ಲಿ? 60 ಜನರನ್ನು ಸಭಾಂಗಣದಲ್ಲಿ ಕೂರಿಸಿ ಮೈಕ್ ಕೊಟ್ಟರೆ ತಲೆಗೆ 50 ಸೆಕೆಂಡ್ ಬರುತ್ತದೆ, ಮಾತಾಡುವವರು ಅದೇ ನಾಲ್ವರು. ‘ಮಹಿಳಾ ಸಬಲೀಕರಣ’ದಂಥ ಅಗಲವಾದ ವಿಷಯ ಕೊಟ್ಟರೆ ಪ್ರಬಂಧ ಬರುತ್ತದೆ. ಮೇಷ್ಟ್ರು ಆರಂಭದಲ್ಲೇ ಅಭಿಪ್ರಾಯ ಹೇಳಿದರೆ, ಅಂಕ ಅವರ ಕೈಯಲ್ಲೇ ಇರುವುದರಿಂದ, ಎಲ್ಲರೂ ತಲೆಯಾಡಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಚರ್ಚೆಗೆ ಬಂದ ಸಮಸ್ಯೆಯನ್ನು ಅನುಭವಿಸಿದ ಹುಡುಗಿಯನ್ನೇ ‘ನೀನು ಹೇಳಮ್ಮಾ’ ಎಂದು ಎಬ್ಬಿಸುವುದು. ಅವಳಾಗಿಯೇ ಹೇಳಿದರೆ ಕೇಳಿ, ಇಲ್ಲದಿದ್ದರೆ ಬಿಡಿ.